ಅಂಗಳದಲ್ಲೊಂದು ಲಕ್ಕಿ ಗಿಡವಿರಲಿ

ಮಳೆಗಾಲ ಶುರುವಾದರೆ ಮನೆಮನೆಯಲ್ಲೂ ಒಂದೇ ದೂರು. ಮಕ್ಕಳಿಗೆ ಮೂಗು ಕಟ್ಟುತ್ತದೆ, ಅಜ್ಜಿಯ ಮಂಡಿ ಹಿಡಿದುಕೊಳ್ಳುತ್ತದೆ, ಸಂಜೆಯಾದರೆ ಸೊಳ್ಳೆ ಕಾಟ, ಅಕ್ಕಿ ಡಬ್ಬದಲ್ಲಿ ಹುಳು, ಕಪಾಟಿನ ಬಟ್ಟೆಗೆ ಮುಗ್ಗಲು ವಾಸನೆ. ಒಂದೊಂದಕ್ಕೂ ಅಂಗಡಿಯಲ್ಲಿ ಒಂದೊಂದು ಡಬ್ಬಿ, ಒಂದೊಂದು ಸೀಸೆ ಸಿಗುತ್ತದೆ. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಸಣ್ಣ ಮೊತ್ತವೇನೂ ಅಲ್ಲ.

ಇವುಗಳಲ್ಲಿ ಹಲವಕ್ಕೆ ನಮ್ಮ ಹಿರಿಯರು ಬೇಲಿಯಿಂದ ಒಂದು ಗೆಲ್ಲು ಮುರಿದು ತರುತ್ತಿದ್ದರು. ಅದು ಲಕ್ಕಿ. ಕೆಲವು ಕಡೆ ಬಿಳಿಲಕ್ಕಿ, ನೆಕ್ಕಿ ಎನ್ನುತ್ತಾರೆ. ತಮಿಳರಿಗೆ ಅದು ನೊಚ್ಚಿ, ಆಯುರ್ವೇದದವರಿಗೆ ನಿರ್ಗುಂಡಿ, ನಮ್ಮ ಯುನಾನಿ ಪುಸ್ತಕಗಳಲ್ಲಿ ಸಂಭಾಲು. ಹೊರದೇಶದಿಂದ ತಂದ ಅಲಂಕಾರದ ಗಿಡವಲ್ಲ ಇದು. ನಮ್ಮ ನೆಲದಲ್ಲೇ, ಹಳ್ಳದ ದಂಡೆಯಲ್ಲಿ, ಹೊಲದ ಬದುವಿನಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆದು ಬಂದ ಗಟ್ಟಿ ಜೀವ.

ಈಗ ಬೇಲಿಗಳು ಹೋಗಿ ಕಾಂಪೌಂಡ್ ಗೋಡೆಗಳು ಬಂದಿವೆ. ಲಕ್ಕಿಯೂ ಕಣ್ಣಿಂದ ಮರೆಯಾಗಿ, ಪುಡಿಯಾಗಿ, ಎಣ್ಣೆಯಾಗಿ, ಮಾತ್ರೆಯಾಗಿ ಸೀಸೆಯೊಳಗೆ ಸೇರಿದೆ. ಸೀಸೆಯೊಳಗಿರುವುದು ಯಾವ ಗಿಡ, ಎಷ್ಟು ಹಳೆಯದು, ಯಾವುದರ ಜೊತೆ ಬೆರೆಸಿದ್ದು ಎಂಬುದು ಕೊಳ್ಳುವವರಿಗೆ ಗೊತ್ತಾಗುವುದಿಲ್ಲ. ಅಂಗಳದ ಗಿಡದಲ್ಲಿ ಆ ಅನುಮಾನವಿಲ್ಲ. ಆದ್ದರಿಂದ ಈ ಮಳೆಗಾಲದಲ್ಲಿ ಒಂದು ಲಕ್ಕಿ ಕಡ್ಡಿ ನೆಡಿ ಎಂದು ಹೇಳಲು ಈ ಲೇಖನ. ಜೊತೆಗೆ ಇನ್ನೊಂದು ಮಾತನ್ನೂ ಅಷ್ಟೇ ಒತ್ತಿ ಹೇಳಬೇಕಾಗಿದೆ. ಲಕ್ಕಿ ಮೈ ಹೊರಗಿನ ಮದ್ದು. ಅದರ ಕೆಲಸ ಎಲ್ಲಿ ಮುಗಿಯುತ್ತದೆ ಎಂದು ತಿಳಿದವರಿಗೆ ಮಾತ್ರ ಅದು ಉಪಕಾರಿ.

ಗುರುತು ಹಿಡಿಯುವುದು ಹೇಗೆ?

ಲಕ್ಕಿಯ ಸಸ್ಯಶಾಸ್ತ್ರೀಯ ಹೆಸರು ವಿಟೆಕ್ಸ್ ನೆಗುಂಡೊ. 1753ರಲ್ಲಿ ಲಿನೇಯಸ್ ಇಟ್ಟ ಹೆಸರು. ತುಳಸಿ, ಪುದೀನಗಳ ಕುಟುಂಬಕ್ಕೇ ಸೇರಿದ್ದು. ಎಲೆ ಹಿಸುಕಿದರೆ ಬರುವ ಘಾಟು ವಾಸನೆಯಲ್ಲಿ ಆ ನೆಂಟಸ್ತನ ತಿಳಿಯುತ್ತದೆ.

ಗಿಡವನ್ನು ಗುರುತಿಸಲು ಐದು ಲಕ್ಷಣಗಳನ್ನು ನೋಡಿ. ಒಂದು, ಎಲೆ ಅಂಗೈಯಿಂದ ಬೆರಳು ಚಾಚಿದಂತೆ ಇರುತ್ತದೆ. ಒಂದು ತೊಟ್ಟಿಗೆ ಸಾಮಾನ್ಯವಾಗಿ ಐದು, ಕೆಲವೊಮ್ಮೆ ಮೂರು ಕಿರುಎಲೆಗಳು, ನಡುವಿನದು ಎಲ್ಲಕ್ಕಿಂತ ಉದ್ದ. ಎರಡು, ಎಲೆಯ ಮೇಲ್ಭಾಗ ಹಸಿರು, ಕೆಳಭಾಗ ಬೂದಿ ಬಳಿದಂತೆ ಬಿಳುಪು. ಗಾಳಿ ಬೀಸಿದಾಗ ಗಿಡವೆಲ್ಲ ಬೆಳ್ಳಗೆ ಹೊಳೆಯುವುದು ಇದರಿಂದಲೇ. ಮೂರು, ಎಳೆಯ ಗೆಲ್ಲನ್ನು ಬೆರಳ ನಡುವೆ ಉರುಳಿಸಿದರೆ ಅದು ದುಂಡಗಿಲ್ಲದೆ ನಾಲ್ಕು ಮೂಲೆಯದೆಂದು ತಿಳಿಯುತ್ತದೆ. ನಾಲ್ಕು, ಗೆಲ್ಲಿನ ತುದಿಯಲ್ಲಿ ಗೊಂಚಲಾಗಿ ತಿಳಿನೇರಳೆ ಬಣ್ಣದ ಸಣ್ಣ ಹೂಗಳು, ಅವುಗಳ ಸುತ್ತ ಜೇನುನೊಣಗಳು. ಐದು, ಬಲಿತಾಗ ಕಪ್ಪಾಗುವ, ಕಾಳುಮೆಣಸಿನಂತಹ ಪುಟ್ಟ ಕಾಯಿ.

ಕರಿಲಕ್ಕಿ ಅಥವಾ ಕರಿನೆಕ್ಕಿ ಎಂಬ ಹೆಸರಿನಲ್ಲಿ ಕೆಲವರು ಕೊಡುವುದು ಬೇರೆಯೇ ಗಿಡ. ಅದರ ಎಲೆ ಬಿಡಿಬಿಡಿ, ಕಾಂಡ ಕಪ್ಪು. ಹೆಸರು ಒಂದೇ ಎಂದು ಮೋಸ ಹೋಗಬೇಡಿ. ಐದೂ ಲಕ್ಷಣ ಹೊಂದದಿದ್ದರೆ, ಅಥವಾ ಹೂ ಬಿಡುವ ಕಾಲವಲ್ಲದೆ ಅನುಮಾನ ಉಳಿದರೆ, ಬಲ್ಲವರಿಗೆ ತೋರಿಸಿದ ಮೇಲೆಯೇ ಮನೆಗೆ ತನ್ನಿ. ರಸ್ತೆ ಬದಿಯ ಗಿಡದಿಂದ ನೆಡಲು ಕಡ್ಡಿ ತರಬಹುದು. ಆದರೆ ಅಲ್ಲಿಯ ಎಲೆಯನ್ನು ಮದ್ದಿಗೆ ಬಳಸಬೇಡಿ. ವಾಹನಗಳ ಹೊಗೆ, ಚರಂಡಿ ನೀರು, ಕಳೆನಾಶಕ ಎಲ್ಲವೂ ಅದರ ಮೇಲೆ ಬಿದ್ದಿರುತ್ತದೆ. ಮನೆಯಲ್ಲೇ ಗಿಡ ಇರಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಯುನಾನಿಯಲ್ಲಿ ಸಂಭಾಲು

ಯುನಾನಿ ಪದ್ಧತಿಯಲ್ಲಿ ಪ್ರತಿ ಮದ್ದಿಗೂ ಒಂದು ಮಿಜಾಜ್, ಅಂದರೆ ಪ್ರಕೃತಿ ಇದೆ. ಸಂಭಾಲುವಿನ ಮಿಜಾಜ್ ಬಿಸಿ ಮತ್ತು ಒಣ. ಹೀಗಾಗಿ ತಂಪು, ತೇವದಿಂದ ಹೆಚ್ಚುವ ನೋವು, ಬಿಗಿತ, ನೆಗಡಿಗೆ ಇದನ್ನು ಹಕೀಮರು ಹೇಳುತ್ತ ಬಂದಿದ್ದಾರೆ. ಊತ ಕರಗಿಸುವುದು, ನೋವು ತಗ್ಗಿಸುವುದು ಇದರ ಮುಖ್ಯ ಗುಣಗಳೆಂದು ನಮ್ಮ ಗ್ರಂಥಗಳು ಎಣಿಸುತ್ತವೆ.

ಆಧುನಿಕ ಸಂಶೋಧಕರು ಎಲೆಯಲ್ಲಿ ಸುವಾಸನೆಯ ಎಣ್ಣೆಯ ಜೊತೆಗೆ ನೆಗುಂಡೊಸೈಡ್, ಆಗ್ನುಸೈಡ್, ಕ್ಯಾಸ್ಟಿಸಿನ್ ಎಂಬ ಅಂಶಗಳನ್ನು ಗುರುತಿಸಿದ್ದಾರೆ. ಪ್ರಯೋಗಾಲಯದ ಪ್ರಾಣಿಗಳಲ್ಲಿ ಎಲೆಯ ಸಾರ ಊತ, ನೋವು ತಗ್ಗಿಸಿದ್ದು ಕಂಡುಬಂದಿದೆ. ಆದರೆ ಇಲಿಗೆ ಆದದ್ದು ಮನುಷ್ಯರಿಗೂ ಅಷ್ಟೇ ಆಗುತ್ತದೆ ಎಂದು ಹೇಳುವಂತಿಲ್ಲ. ಆದ್ದರಿಂದ ಮಂಡಿ ಸವೆತವನ್ನೇ ಲಕ್ಕಿ ಗುಣಪಡಿಸುತ್ತದೆ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. ಕಾವು ಕೊಟ್ಟಾಗ ಬಿಗಿತ ಸಡಿಲವಾಗುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಅಷ್ಟಾದರೂ ನೋವಿರುವವರಿಗೆ ಅದು ಸಣ್ಣ ಸಹಾಯವೇನಲ್ಲ.

ನೆಡುವ ಕ್ರಮ

ಲಕ್ಕಿ ಬೆಳೆಸಲು ಬೀಜ ಬೇಕಿಲ್ಲ. ಕಡ್ಡಿಯೇ ಸುಲಭ. ಜೂನ್–ಜುಲೈ ತಿಂಗಳ ಮಳೆ ಇದಕ್ಕೆ ಸರಿಯಾದ ಕಾಲ. ನೀರಿನ ಅನುಕೂಲವಿದ್ದರೆ ಫೆಬ್ರವರಿ–ಮಾರ್ಚಿಯಲ್ಲೂ ನೆಡಬಹುದು.

ಬಲಿತ, ಆದರೆ ತೀರ ಮುದಿಯಲ್ಲದ ಗೆಲ್ಲನ್ನು ಆರಿಸಿಕೊಳ್ಳಿ. ಪೆನ್ಸಿಲ್ ದಪ್ಪ, ಒಂದು ಗೇಣು ಉದ್ದ, ನಾಲ್ಕೈದು ಗೆಣ್ಣು ಇದ್ದರೆ ಸಾಕು. ಕೆಳತುದಿಯನ್ನು ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸಿ. ಹೀಗೆ ಮಾಡಿದರೆ ತಲೆಕೆಳಗಾಗಿ ನೆಡುವ ತಪ್ಪು ಆಗುವುದಿಲ್ಲ. ಮೇಲಿನ ಒಂದೆರಡು ಎಲೆ ಬಿಟ್ಟು ಉಳಿದವನ್ನು ತೆಗೆಯಿರಿ. ಮಣ್ಣು, ಮರಳು, ಹಳೆಯ ಗೊಬ್ಬರ ಮೂರನ್ನೂ ಸಮನಾಗಿ ಬೆರೆಸಿ ಚೀಲಕ್ಕೆ ತುಂಬಿ, ಎರಡು ಮೂರು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಸ್ವಲ್ಪ ಓರೆಯಾಗಿ ಊರಿ. ನೆರಳಿನಲ್ಲಿಡಿ. ಮಣ್ಣು ಹಸಿಯಾಗಿರಬೇಕು, ಕೆಸರಾಗಬಾರದು.

ಚಿಗುರು ಕಂಡ ಕೂಡಲೇ ಬೇರು ಬಂತೆಂದು ಎಳೆದು ನೋಡಬೇಡಿ. ಕಡ್ಡಿಯಲ್ಲಿ ಉಳಿದ ಶಕ್ತಿಯಿಂದಲೇ ಮೊದಲ ಚಿಗುರು ಬರುತ್ತದೆ. ಒಂದೂವರೆ ಎರಡು ತಿಂಗಳ ನಂತರ, ಹೊಸ ಎಲೆಗಳು ಚೆನ್ನಾಗಿ ಅರಳಿದ ಮೇಲೆ ನೆಲಕ್ಕೆ ಸಾಗಿಸಿ. ಒಂದು ಗಿಡ ಬೇಕಿದ್ದರೂ ನಾಲ್ಕೈದು ಕಡ್ಡಿ ಊರುವುದು ಒಳ್ಳೆಯದು. ಎಲ್ಲವೂ ಹಿಡಿದರೆ ನೆರೆಯವರಿಗೆ ಕೊಡಬಹುದು.

ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ ಇದ್ದರೆ ಸಾಕು. ಒಂದು ಬುಟ್ಟಿ ಗೊಬ್ಬರ ಬೆರೆಸಿದ ಮಣ್ಣು ತುಂಬಿ ನೆಡಿ. ಬಿಸಿಲು ಚೆನ್ನಾಗಿ ಬೀಳುವ ಜಾಗವಿರಲಿ. ನೆರಳಿನಲ್ಲಿ ಬೆಳೆದ ಲಕ್ಕಿ ಉದ್ದಕ್ಕೆ ಹೋಗುತ್ತದೆ, ಎಲೆಯಲ್ಲಿ ಘಾಟು ಕಡಿಮೆ. ಮನೆ ಗೋಡೆ, ಬಾವಿ, ಸಂಪ್‌ಗಳಿಂದ ಆರೇಳು ಅಡಿ ದೂರವಿಡಿ. ಬಿಟ್ಟರೆ ಇದು ಎರಡಾಳು ಎತ್ತರ ಮೀರಿ ಮರವಾಗುತ್ತದೆ. ಬೇಲಿಗೆ ನೆಡುವವರು ಎರಡು ಮೂರು ಅಡಿಗೊಂದರಂತೆ ನೆಡಬಹುದು. ದನಗಳು ಸಾಮಾನ್ಯವಾಗಿ ಇದಕ್ಕೆ ಬಾಯಿ ಹಾಕುವುದಿಲ್ಲ. ಬೇರು ಮಣ್ಣನ್ನು ಬಿಗಿಯಾಗಿ ಹಿಡಿಯುವುದರಿಂದ ಮಳೆಗೆ ಜರಿಯುವ ಅಂಚುಗಳಿಗೂ, ಖಬರ್‌ಸ್ತಾನದ ಎಲ್ಲೆಗೂ ಇದು ಒಳ್ಳೆಯ ಬೇಲಿ.

ನೀರಿನ ಬಗ್ಗೆ ಒಂದು ಸಲಹೆ. ಮೊದಲ ವರ್ಷದ ಬೇಸಿಗೆಯಲ್ಲಿ ವಾರಕ್ಕೆ ಎರಡು ಬಾರಿ ನೀರು ಬೇಕು. ಆಮೇಲೆ ಅದು ತನ್ನ ಪಾಡಿಗೆ ತಾನು ಬದುಕುತ್ತದೆ. ವುಝೂ ಮಾಡುವ ಜಾಗದ ನೀರನ್ನು ಒಂದು ಸಣ್ಣ ಕಾಲುವೆ ಅಥವಾ ಪೈಪಿನ ಮೂಲಕ ಗಿಡದ ಬುಡಕ್ಕೆ ತಿರುಗಿಸಿ. ಆ ನೀರಿನಲ್ಲಿ ಸಾಬೂನು ಇರುವುದಿಲ್ಲ, ದಿನಕ್ಕೆ ಐದು ಹೊತ್ತು ಬರುತ್ತದೆ, ಚರಂಡಿಗೆ ಹೋಗುವುದು ಗಿಡಕ್ಕೆ ಸಿಗುತ್ತದೆ. ಮಸೀದಿಯ ಅಂಗಳದಲ್ಲಿ ಜಾಗವಿದ್ದರೆ ಅಲ್ಲಿಯೂ ಹೀಗೆ ಮಾಡಬಹುದು. ಬಟ್ಟೆ, ಪಾತ್ರೆ ತೊಳೆದ ನೀರು ಮಾತ್ರ ಬೇಡ.

ಅಂಗಳವಿಲ್ಲದವರಿಗೆ

ಬಾಡಿಗೆ ಮನೆ, ಮಹಡಿ ಮನೆಗಳಲ್ಲಿರುವವರೂ ಲಕ್ಕಿ ಬೆಳೆಸಬಹುದು. ಒಂದೂವರೆ ಅಡಿ ಬಾಯಗಲದ ಕುಂಡ ಅಥವಾ ಹಳೆಯ ಡ್ರಮ್ಮಿನ ಅರ್ಧ ಸಾಕು. ಪೇಂಟ್ ಬಕೆಟ್ ಬಳಸುವುದಾದರೆ ಚೆನ್ನಾಗಿ ತೊಳೆದು, ತಳದಲ್ಲಿ ನಾಲ್ಕೈದು ತೂತು ಮಾಡಿ. ವರ್ಷಕ್ಕೆರಡು ಬಾರಿ ತುದಿ ಕತ್ತರಿಸುತ್ತಿದ್ದರೆ ಮೂರು ನಾಲ್ಕು ಅಡಿಯಲ್ಲೇ ಪೊದೆಯಾಗಿ ನಿಲ್ಲುತ್ತದೆ. ಕುಂಡದ ಗಿಡಕ್ಕೆ ನೆಲದ ಗಿಡಕ್ಕಿಂತ ಹೆಚ್ಚು ನೀರು ಬೇಕು.

ಕುಂಡದ ಕೆಳಗೆ ತಟ್ಟೆ ಇಡುವವರು ಎಚ್ಚರ ವಹಿಸಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ನೀರಿನಲ್ಲೇ. ಮೊಟ್ಟೆಯಿಂದ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಸುಮಾರು ಒಂದು ವಾರ ಹಿಡಿಯುತ್ತದೆ. ಸೊಳ್ಳೆ ಓಡಿಸಲೆಂದು ಗಿಡ ನೆಟ್ಟು ಅದರ ತಟ್ಟೆಯಲ್ಲೇ ಸೊಳ್ಳೆ ಸಾಕಿದಂತಾಗಬಾರದು. ತಟ್ಟೆಯೇ ಬೇಡ. ಇಡಲೇಬೇಕಿದ್ದರೆ ಎರಡು ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ ಒಳಬದಿಯನ್ನು ಉಜ್ಜಿ ತೊಳೆಯಿರಿ. ಎಷ್ಟೋ ಮನೆಗಳಲ್ಲಿ ಜುಮಾ ದಿನ ಮನೆ ಸ್ವಚ್ಛ ಮಾಡುವ ರೂಢಿಯಿದೆ. ಕುಂಡ, ಕೂಲರ್, ಫ್ರಿಜ್‌ನ ಹಿಂದಿನ ತಟ್ಟೆ, ಮಹಡಿಯ ಮೇಲೆ ಬಿದ್ದ ಟೈರು, ಎಳನೀರಿನ ಚಿಪ್ಪು ಇವನ್ನೂ ಆ ಕೆಲಸಕ್ಕೆ ಸೇರಿಸಿಕೊಳ್ಳಿ.

ಕತ್ತರಿಸುವುದು, ಒಣಗಿಸುವುದು

ಲಕ್ಕಿಗೆ ಕತ್ತರಿ ಬಿದ್ದಷ್ಟೂ ಒಳ್ಳೆಯದು. ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಎದೆಮಟ್ಟಕ್ಕೆ ಸವರಿ. ಮಳೆ ಬಿದ್ದ ಕೂಡಲೇ ಹೊಸ ಗೆಲ್ಲುಗಳು ಒತ್ತೊತ್ತಾಗಿ ಬರುತ್ತವೆ. ರೋಗ, ಕೀಟದ ಕಾಟ ಕಡಿಮೆ. ಬಿಳಿ ಹಿಟ್ಟುತಿಗಣೆ ಕಂಡರೆ ಆ ಗೆಲ್ಲನ್ನು ಕತ್ತರಿಸಿ ಸುಟ್ಟುಬಿಡಿ. ಎಲೆ ಬಳಸುವ ಗಿಡಕ್ಕೆ ಕೀಟನಾಶಕ ಹೊಡೆಯಬೇಡಿ.

ಬಲಿತ, ಕಲೆಯಿಲ್ಲದ ಎಲೆಗಳನ್ನು ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ ಕೀಳಿ. ಒಂದೇ ಬಾರಿಗೆ ಗಿಡದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಎಲೆ ತೆಗೆಯಬೇಡಿ. ತೊಳೆದು, ಬಟ್ಟೆಯ ಮೇಲೆ ತೆಳ್ಳಗೆ ಹರಡಿ ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ವಾಸನೆಯೂ ಅದರ ಜೊತೆ ಗುಣವೂ ಹಾರಿಹೋಗುತ್ತದೆ. ಹಿಸುಕಿದರೆ ಗರಗರ ಪುಡಿಯಾದರೆ ಒಣಗಿದಂತೆ. ಗಾಳಿಯಾಡದ ಡಬ್ಬದಲ್ಲಿಟ್ಟು, ಮೇಲೆ ಹೆಸರು, ತಿಂಗಳು ಬರೆದಿಡಿ. ಘಾಟು ಹೋದ ಎಲೆಯನ್ನು ಗೊಬ್ಬರಕ್ಕೆ ಹಾಕಿ ಹೊಸದು ಒಣಗಿಸಿಕೊಳ್ಳಿ.

ಮನೆಬಳಕೆ

*ಹಬೆ.* ಯುನಾನಿಯಲ್ಲಿ ಇದಕ್ಕೆ ಇಂಕಿಬಾಬ್ ಎನ್ನುತ್ತೇವೆ. ಒಂದು ಪಾತ್ರೆ ನೀರಿಗೆ ಒಂದು ಹಿಡಿ ತಾಜಾ ಎಲೆ ಹಾಕಿ ಕುದಿಸಿ, ಒಲೆ ಆರಿಸಿ, ಒಂದೆರಡು ನಿಮಿಷ ಬಿಡಿ. ಪಾತ್ರೆಯನ್ನು ಅಲುಗಾಡದ ಮೇಜಿನ ಮೇಲಿಟ್ಟು, ಮುಖ ಒಂದು ಅಡಿ ದೂರವಿರುವಂತೆ ಕುಳಿತು ಐದು ನಿಮಿಷ ಉಸಿರಾಡಿ. ಕಟ್ಟಿದ ಮೂಗು ಸಡಿಲವಾಗುತ್ತದೆ. ಸಣ್ಣ ಮಕ್ಕಳಿಗೆ ಇದು ಖಂಡಿತ ಬೇಡ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಲೆಗೆ ಕಂಬಳಿ ಹೊದ್ದು, ಕುದಿಯುವ ಪಾತ್ರೆಯ ಮುಂದೆ ಬಗ್ಗಿಸುವುದು ಎಷ್ಟೋ ಮನೆಗಳ ರೂಢಿ. ಮಗು ಒಮ್ಮೆ ಕೊಸರಿದರೆ ಕುದಿನೀರು ಎದೆ, ತೊಡೆಯ ಮೇಲೆ ಸುರಿಯುತ್ತದೆ. ನೆಗಡಿ ಒಂದು ವಾರದಲ್ಲಿ ತಾನೇ ಹೋಗುತ್ತದೆ, ಸುಟ್ಟ ಕಲೆ ಹೋಗುವುದಿಲ್ಲ. ಆಸ್ತಮಾ ಇರುವವರಿಗೂ ಘಾಟು ಹಬೆಯಿಂದ ಉಬ್ಬಸ ಹೆಚ್ಚಬಹುದು.

*ಕಾವು.* ಇದು ತಕ್ಮೀದ್. ಎರಡು ಹಿಡಿ ಎಲೆಯನ್ನು ಕಾವಲಿಯ ಮೇಲೆ ಒಂದು ಚಮಚ ಹರಳೆಣ್ಣೆ ಹಾಕಿ ಬಾಡಿಸಿ, ದಪ್ಪ ಬಟ್ಟೆಯಲ್ಲಿ ಗಂಟು ಕಟ್ಟಿ. ಮೊದಲು ನಿಮ್ಮ ಮುಂಗೈಯ ಒಳಭಾಗಕ್ಕೆ ಮುಟ್ಟಿಸಿ ನೋಡಿ. ಹಿತವೆನಿಸಿದರೆ ಮಂಡಿ, ಸೊಂಟ, ಹೆಗಲಿಗೆ ಹತ್ತು ಹದಿನೈದು ನಿಮಿಷ ಒತ್ತಿ ಒತ್ತಿ ತೆಗೆಯಿರಿ. ಕೀಲು ಕೆಂಪಾಗಿ, ಬಿಸಿಯಾಗಿ ಊದಿಕೊಂಡಿದ್ದರೆ, ಅಥವಾ ಬಿದ್ದು ಪೆಟ್ಟಾದ ಮೊದಲ ಎರಡು ದಿನ ಕಾವು ಕೊಡಬಾರದು.

*ಕಷಾಯ ಸುರಿಯುವುದು, ಕಾಲು ಮುಳುಗಿಸುವುದು.* ನುತೂಲ್ ಎಂದರೆ ಬೆಚ್ಚಗಿನ ಕಷಾಯವನ್ನು ಗೇಣು ಎತ್ತರದಿಂದ ಸಣ್ಣ ಧಾರೆಯಾಗಿ ನೋವಿನ ಜಾಗಕ್ಕೆ ಸುರಿಯುವುದು. ಪಾಶೋಯಾ ಎಂದರೆ ಪಾದವನ್ನು ಅದರಲ್ಲಿ ಮುಳುಗಿಸುವುದು. ಮೂರು ಹಿಡಿ ಎಲೆಯನ್ನು ಎರಡು ಮೂರು ಲೀಟರ್ ನೀರಿನಲ್ಲಿ ಕಾಲು ಗಂಟೆ ಕುದಿಸಿ, ಸೋಸಿ, ಹದವಾಗಿ ಆರಿಸಿ ಬಳಸಿ. ದಿನವಿಡೀ ನಿಂತು ದುಡಿದವರಿಗೆ ರಾತ್ರಿ ಇದು ಹಿತ.

ಸಕ್ಕರೆ ಕಾಯಿಲೆ ಇರುವವರ ಮನೆಯವರು ಇಲ್ಲಿ ಗಮನ ಕೊಡಬೇಕು. ಹಳೆಯ ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಮಂದವಾಗುತ್ತದೆ. ಅವರ ಕಾಲಿಗೆ ಬಿಸಿ ಗೊತ್ತಾಗುವುದಿಲ್ಲ. "ಇನ್ನೂ ಸ್ವಲ್ಪ ಬಿಸಿ ಹಾಕಮ್ಮ" ಎನ್ನುತ್ತಲೇ ಇರುತ್ತಾರೆ, ಮರುದಿನ ಪಾದದಲ್ಲಿ ಬೊಕ್ಕೆ ಎದ್ದಿರುತ್ತದೆ. ಇಂಥ ಬೊಕ್ಕೆಗಳನ್ನು ಮಳೆಗಾಲದಲ್ಲಿ ನಾನು ನೋಡುತ್ತಲೇ ಇರುತ್ತೇನೆ. ಒಂದು ಬೊಕ್ಕೆ ಮಾಯದ ಹುಣ್ಣಾಗಿ, ಕೊನೆಗೆ ಬೆರಳು ಕಳೆದುಕೊಳ್ಳುವವರೆಗೂ ಹೋಗಬಹುದು. ಅಂಥವರ ಪಾದಕ್ಕೆ ಬಿಸಿ ಕಷಾಯವೂ ಬೇಡ, ಕಾವಿನ ಗಂಟೂ ಬೇಡ. ಸೊಂಟ, ಹೆಗಲಿಗೆ ಕಾವು ಕೊಡುವಾಗಲೂ ಬಿಸಿಯನ್ನು ಬೇರೆಯವರು ಪರೀಕ್ಷಿಸಿ ಕೊಡಬೇಕು.

*ಎಣ್ಣೆ.* ತಾಜಾ ಎಲೆ ತೊಳೆದು, ಸ್ವಲ್ಪವೇ ನೀರು ಹಾಕಿ ಅರೆದು, ಬಟ್ಟೆಯಲ್ಲಿ ಹಿಂಡಿ ರಸ ತೆಗೆಯಿರಿ. ಒಂದು ಲೋಟ ರಸಕ್ಕೆ ಒಂದು ಲೋಟ ಎಳ್ಳೆಣ್ಣೆ. ದಪ್ಪ ತಳದ ಅಗಲ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕಾಯಿಸಿ. ನೊರೆ ಉಕ್ಕುತ್ತದೆ, ಬಿಟ್ಟು ಹೋಗಬೇಡಿ. ಚಟಪಟ ಸದ್ದು ನಿಂತ ಮೇಲೆ ಒಲೆ ಆರಿಸಿ, ಒಂದು ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ ದೂರಕ್ಕೆ ಒಯ್ದು ಹೊತ್ತಿಸಿ ನೋಡಿ. ಸಿಡಿಯದೆ ಉರಿದರೆ ನೀರಿನಂಶ ಹೋಗಿದೆ ಎಂದರ್ಥ. ಸಿಡಿದರೆ ಇನ್ನೂ ಸ್ವಲ್ಪ ಕಾಯಿಸಬೇಕು. ನೀರು ಉಳಿದರೆ ಎಣ್ಣೆ ಕಮಟುತ್ತದೆ. ಆರಿದ ಮೇಲೆ ಸೋಸಿ ಒಣಗಿದ ಗಾಜಿನ ಸೀಸೆಯಲ್ಲಿಡಿ. ಎರಡು ಮೂರು ತಿಂಗಳಲ್ಲಿ ಬಳಸಿ ಮುಗಿಸುವಷ್ಟೇ ಮಾಡಿ. ಮೊದಲ ಬಾರಿ ಬಳಸುವವರು ಮುಂಗೈಗೆ ಒಂದು ಹನಿ ಸವರಿ ಒಂದು ದಿನ ಕಾಯಿರಿ. ತುರಿಕೆ, ಕೆಂಪು ಬಂದರೆ ನಿಮಗೆ ಇದು ಒಗ್ಗುವುದಿಲ್ಲ. ಗಾಯದ ಮೇಲೆ, ಕಣ್ಣು, ಕಿವಿ, ಮೂಗಿಗೆ ಹಾಕಬೇಡಿ. ಹಸುಗೂಸಿನ ಮೈಗೆ ಈ ಎಣ್ಣೆ ಬೇಡವೇ ಬೇಡ.

ಬಾಣಂತಿ ಕೋಣೆಯಲ್ಲಿ

ನಲವತ್ತು ದಿನದ ಬಾಣಂತನದಲ್ಲಿ ಲಕ್ಕಿ ಸೊಪ್ಪಿನ ಸ್ನಾನ ನಮ್ಮಲ್ಲಿ ಹಳೆಯ ಪದ್ಧತಿ. ಎರಡು ಮೂರು ಹಿಡಿ ಎಲೆ ಕುದಿಸಿ ಸೋಸಿದ ನೀರನ್ನು ಸ್ನಾನದ ನೀರಿಗೆ ಬೆರೆಸಿದರೆ ಮೈಕೈ ನೋವಿಗೆ ಹಿತವೆನಿಸುತ್ತದೆ. ಇದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಹೇಗೆ ಮಾಡಬೇಕೆಂಬುದನ್ನು ಹೇಳುತ್ತೇನೆ.

ನೀರಿನ ಬಿಸಿ ಮೊಣಕೈಗೆ ಹಿತವಾಗುವಷ್ಟಿರಲಿ. ಹೊಟ್ಟೆಯ ಮೇಲೆ ಸುಡುನೀರನ್ನು ರಭಸದಿಂದ ಎರಚುವುದರಿಂದ ಹೊಟ್ಟೆ ಕರಗುವುದಿಲ್ಲ, ಚರ್ಮ ಸುಡುತ್ತದೆ. ಸಿಸೇರಿಯನ್ ಆದವರು ವೈದ್ಯರು ಹೇಳುವವರೆಗೆ ಹೊಲಿಗೆಯ ಮೇಲೆ ಸೊಪ್ಪಿನ ನೀರು, ಎಣ್ಣೆ ತಾಗಿಸಬಾರದು. ಸಹಜ ಹೆರಿಗೆಯಲ್ಲಿ ಹೊಲಿಗೆ ಹಾಕಿದ್ದರೂ ಅಷ್ಟೇ. ಸ್ನಾನದ ಮನೆಯಲ್ಲಿ ತಲೆ ಸುತ್ತಿ ಬೀಳುವ ಸಂಭವವಿರುವುದರಿಂದ ಜೊತೆಯಲ್ಲಿ ಒಬ್ಬರು ಇರಲಿ. ಮಗುವಿನ ಸ್ನಾನಕ್ಕೆ ಬರೀ ಬೆಚ್ಚಗಿನ ನೀರು ಸಾಕು.

ಅತ್ತೆ, ಅಮ್ಮಂದಿರಲ್ಲಿ ಒಂದು ವಿನಂತಿ. ಬಾಗಿಲು ಕಿಟಕಿ ಮುಚ್ಚಿ, ಮಂಚದ ಕೆಳಗೆ ಕೆಂಡದ ಬಾಣಲೆ ಇಟ್ಟು, ಅದರ ಮೇಲೆ ಲಕ್ಕಿ ಸೊಪ್ಪು, ಲೋಬಾನ ಹಾಕಿ ಹೊಗೆ ತುಂಬಿಸುವುದನ್ನು ದಯವಿಟ್ಟು ನಿಲ್ಲಿಸಿ. ನಮ್ಮ ಕಣ್ಣಿಗೆ ಕಾಣುವ ಹೊಗೆ ಹಸುಗೂಸಿನ ಪುಟ್ಟ ಶ್ವಾಸಕೋಶಕ್ಕೆ ಭಾರ. ಅದಕ್ಕಿಂತ ಅಪಾಯ ಕಾಣದ ಹೊಗೆಯದು. ಉರಿಯುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಮಲಗಿದ ತಾಯಿ ಮಗು ನಿದ್ದೆಯಲ್ಲೇ ಪ್ರಜ್ಞೆ ತಪ್ಪಬಹುದು, ಜೀವವೇ ಹೋಗಬಹುದು. ಬೆಚ್ಚಗಿರಬೇಕೆಂದರೆ ಟೋಪಿ, ಕಾಲುಚೀಲ, ತಾಯಿಯ ಮೈಗೆ ತಾಗಿಸಿ ಮಲಗಿಸುವುದು ಇವಕ್ಕಿಂತ ಒಳ್ಳೆಯ ದಾರಿಯಿಲ್ಲ. ಕೋಣೆ ಘಮಘಮಿಸಬೇಕೆಂದರೆ ಎರಡು ತಾಜಾ ಲಕ್ಕಿ ಗೆಲ್ಲುಗಳನ್ನು ಕಿಟಕಿಗೆ ತೂಗು ಹಾಕಿ.

ಸೊಳ್ಳೆ, ಹುಳು, ಮುಗ್ಗಲು

ಹೊರಗಿನ ಅಂಗಳದಲ್ಲಿ, ಕೊಟ್ಟಿಗೆಯಲ್ಲಿ ಸಂಜೆ ಒಣ ಲಕ್ಕಿ ಸೊಪ್ಪಿನ ಹೊಗೆ ಹಾಕಿದರೆ ಸೊಳ್ಳೆ ಸ್ವಲ್ಪ ಹೊತ್ತು ದೂರವಿರುತ್ತವೆ. ಆದರೆ ಡೆಂಗಿ ಸೊಳ್ಳೆ ಹೆಚ್ಚಾಗಿ ಹಗಲಿನಲ್ಲೇ ಕಚ್ಚುತ್ತದೆ. ಸಂಜೆಯ ಹೊಗೆ ಅದಕ್ಕೆ ತಡೆಯಲ್ಲ. ಕಿಟಕಿಗೆ ಜಾಲರಿ, ಹಗಲು ಮಲಗುವ ಮಗುವಿಗೂ ಸೊಳ್ಳೆ ಪರದೆ, ತೋಳು ಕಾಲು ಮುಚ್ಚುವ ಬಟ್ಟೆ, ನಿಂತ ನೀರು ಇಲ್ಲದ ಮನೆ – ಇವೇ ನಿಜವಾದ ರಕ್ಷಣೆ.

ಅಕ್ಕಿ, ಬೇಳೆ, ರಾಗಿಯ ಡಬ್ಬಕ್ಕೆ ಚೆನ್ನಾಗಿ ಒಣಗಿದ ಲಕ್ಕಿ ಎಲೆಗಳನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಹಾಕುವುದು ನಮ್ಮ ರೈತರ ಹಳೆಯ ಉಪಾಯ. ಹುಳು ಬರುವುದು ತಗ್ಗುತ್ತದೆ. ಎಲೆಯಲ್ಲಿ ಹಸಿ ಉಳಿದಿದ್ದರೆ ಬೂಷ್ಟು ಹಿಡಿಯುತ್ತದೆ, ಅದಕ್ಕೇ ಒಣಗುವುದು ಮುಖ್ಯ. ಇಂಥದೇ ಸಣ್ಣ ಗಂಟನ್ನು ಉಣ್ಣೆ ಬಟ್ಟೆ, ಜಾನಮಾಜ್, ಪುಸ್ತಕಗಳ ಕಪಾಟಿನಲ್ಲೂ ಇಡಬಹುದು. ಮೂರು ತಿಂಗಳಿಗೊಮ್ಮೆ ಬದಲಿಸಿ.

ಹೊಟ್ಟೆಗೆ ಬೇಡ

ಲಕ್ಕಿಯ ಎಲೆ, ಬೀಜ, ಬೇರುಗಳನ್ನು ಒಳಗೆ ಕೊಡುವ ಮದ್ದುಗಳು ಯುನಾನಿಯಲ್ಲೂ ಆಯುರ್ವೇದದಲ್ಲೂ ಇವೆ. ಅದು ಅಳತೆ, ವಯಸ್ಸು, ಬೇರೆ ಕಾಯಿಲೆಗಳನ್ನು ನೋಡಿ ವೈದ್ಯರು ಕೊಡಬೇಕಾದದ್ದು. ಅಂಗಳದಲ್ಲಿದೆ ಎಂದು ನೀವಾಗಿಯೇ ಕಷಾಯ ಕುಡಿಯಬೇಡಿ, ಮಕ್ಕಳಿಗೆ ಕುಡಿಸಬೇಡಿ.

ಇತ್ತೀಚೆಗೆ ಹೆಣ್ಣುಮಕ್ಕಳು ಮುಟ್ಟಿನ ಏರುಪೇರು, ಪಿಸಿಒಡಿ ಎಂದು ಇದರ ಬೀಜವನ್ನು ಗ್ರಂಧಿಗೆ ಅಂಗಡಿಯಿಂದಲೋ ಮೊಬೈಲಿನಲ್ಲೋ ತರಿಸಿ ತಿನ್ನುತ್ತಿದ್ದಾರೆ. ಇಲ್ಲಿ ಹೆಸರಿನ ಗೊಂದಲವೂ ಇದೆ. ನಮ್ಮ ಗ್ರಂಥಗಳಲ್ಲಿ ಪಂಜನ್‌ಗುಷ್ತ್ ಎಂಬ ಇನ್ನೊಂದು ಗಿಡದ ಹೆಸರು ಬರುತ್ತದೆ. ಪಾರಸಿಯಲ್ಲಿ 'ಐದು ಬೆರಳು' ಎಂದರ್ಥ. ಅದು ಮೆಡಿಟರೇನಿಯನ್ ಕಡೆಯ ವಿಟೆಕ್ಸ್ ಆಗ್ನಸ್ ಕ್ಯಾಸ್ಟಸ್. ಇಬ್ನ್ ಸೀನಾ ಅವರ ಅಲ್ ಖಾನೂನ್‌ನಲ್ಲಿ ಉಲ್ಲೇಖವಿರುವುದು ಅದಕ್ಕೆ. ಎಲೆಯ ರೂಪ ಒಂದೇ ತರಹ ಇರುವುದರಿಂದ ಅಂಗಡಿಯಲ್ಲಿ ಒಂದರ ಬದಲು ಇನ್ನೊಂದು ಸಿಗುತ್ತದೆ. ಆ ಗಿಡದ ಬೀಜ ಹಾರ್ಮೋನುಗಳ ಮೇಲೆ ಪರಿಣಾಮ ಮಾಡಬಲ್ಲದು. ಗರ್ಭಿಣಿಯರು, ಎದೆಹಾಲು ಕೊಡುವವರು, ಮಗುವಿಗಾಗಿ ಚಿಕಿತ್ಸೆ ಪಡೆಯುತ್ತಿರುವವರು, ಹಾರ್ಮೋನ್ ಮಾತ್ರೆ ನುಂಗುತ್ತಿರುವವರು ಎರಡನ್ನೂ ತಾವಾಗಿ ಸೇವಿಸಬಾರದು. ಸೊಪ್ಪು ತಾನೇ, ತೊಂದರೆಯೇನಿದೆ ಎಂಬ ಮಾತು ಸರಿಯಲ್ಲ. ಕೆಲಸ ಮಾಡುವ ಮದ್ದಿಗೆ ಕೆಡಿಸುವ ಶಕ್ತಿಯೂ ಇರುತ್ತದೆ.

ಜ್ವರ ಬಂದಾಗ

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು. ಮಳೆಗಾಲದ ಜ್ವರವನ್ನು ಲಕ್ಕಿ ಹಬೆಯಲ್ಲಿ ಇಳಿಸಲು ಹೋಗಬೇಡಿ. ಹಬೆ ಕೊಟ್ಟಾಗ ಬೆವರು ಬಂದು ಮೈ ತಣ್ಣಗಾದಂತೆ ಕಾಣುತ್ತದೆ, ಒಳಗಿನ ಕಾಯಿಲೆ ಹಾಗೆಯೇ ಇರುತ್ತದೆ. ಜ್ವರ ಎರಡು ದಿನ ಮೀರಿದರೆ, ಅದರ ಜೊತೆ ಕಣ್ಣಿನ ಹಿಂದೆ ನೋವು, ತೀವ್ರ ಮೈಕೈ ನೋವು, ಮೈಮೇಲೆ ಕೆಂಪು ಗುಳ್ಳೆ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಹಸುಗೂಸಿಗೆ ಜ್ವರ ಬಂದರೆ ಎರಡು ದಿನವೂ ಕಾಯಬೇಡಿ, ಅಂದೇ ವೈದ್ಯರಿಗೆ ತೋರಿಸಿ.

ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. "ಜ್ವರ ಬಿಟ್ಟಿತು, ಅಲ್‌ಹಮ್ದುಲಿಲ್ಲಾಹ್" ಎಂದು ಮನೆಯವರು ನೆಮ್ಮದಿಯಾಗುವ ದಿನವೇ ಕೆಲವರ ಸ್ಥಿತಿ ಬಿಗಡಾಯಿಸುತ್ತದೆ. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ಕೈಕಾಲು ತಣ್ಣಗಾಗುವುದು, ಮಂಪರು, ಮೂತ್ರ ಕಡಿಮೆಯಾಗುವುದು – ಇವುಗಳಲ್ಲಿ ಒಂದು ಕಂಡರೂ ರಾತ್ರಿಯೇ ಆಗಲಿ, ಆಸ್ಪತ್ರೆಗೆ ಹೊರಡಿ. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ಕೊಡಬೇಡಿ. ಆಸ್ಪಿರಿನ್, ಐಬುಪ್ರೊಫೆನ್‌ಗಳು ಡೆಂಗಿಯಲ್ಲಿ ರಕ್ತಸ್ರಾವ ಹೆಚ್ಚಿಸಬಹುದು. ನಾನು ಯುನಾನಿ ವೈದ್ಯನಾದರೂ ಈ ಲಕ್ಷಣಗಳಿರುವ ರೋಗಿಯನ್ನು ನನ್ನಲ್ಲಿ ಇಟ್ಟುಕೊಳ್ಳುವುದಿಲ್ಲ, ನೇರ ಆಸ್ಪತ್ರೆಗೆ ಕಳುಹಿಸುತ್ತೇನೆ.

ಈ ಎಚ್ಚರಗಳನ್ನೆಲ್ಲ ಓದಿ ಇಷ್ಟೆಲ್ಲ ಏಕೆ ಬೇಕು ಎನ್ನಬೇಡಿ. ಅಡಿಗೆಮನೆಯ ಚಾಕುವಿಗೂ ಇಷ್ಟೇ ಎಚ್ಚರ ಬೇಕು, ಆದರೂ ಚಾಕು ಇಲ್ಲದ ಅಡಿಗೆಮನೆ ಇಲ್ಲ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ, ಔಷಧ ಗಿಡಗಳ ನರ್ಸರಿಗಳಲ್ಲಿ ಲಕ್ಕಿ ಸಸಿ ಕೇಳಿ ನೋಡಿ. ಇಲ್ಲವಾದರೆ ಊರಿನ ಹಳೆಯ ಬೇಲಿಯಲ್ಲಿ ಹುಡುಕಿ, ಗೇಣುದ್ದದ ಒಂದು ಕಡ್ಡಿ ತಂದು ಊರಿ. ಮಕ್ಕಳ ಕೈಯಲ್ಲೇ ನೆಡಿಸಿ. ಎಲೆ ಹಿಸುಕಿ ಮೂಸಿ ಗುರುತು ಹಿಡಿಯುವುದನ್ನು ಅವರೂ ಕಲಿಯಲಿ. ಗಿಡ ನೆಡುವುದೂ ಸದಕವೆಂದು ಕೇಳುತ್ತ ಬೆಳೆದವರು ನಾವು. ಮುಂದಿನ ಮುಂಗಾರಿಗೆ ಗಿಡ ಸವರಿದಾಗ ಕತ್ತರಿಸಿದ ಕಡ್ಡಿಗಳನ್ನು ಎಸೆಯದೆ ನೆರೆಮನೆಗೆ, ಮದ್ರಸಕ್ಕೆ, ಯಾರು ಕೇಳಿದರೂ ಅವರಿಗೆ ಕೊಡಿ. ಕಡ್ಡಿಯ ಜೊತೆಗೆ, ಇದು ಮೈ ಹೊರಗಿನ ಮದ್ದು ಎಂಬ ಮಾತನ್ನೂ ಹೇಳಿ ಕೊಡಿ.